ಎರವಲು ತರಗತಿ

ಬಿ.ಎಡ್. ವಿದ್ಯಾರ್ಥಿಗಳು ಬರೆಯುವ ಪಾಠಯೋಜನೆಯನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಉದ್ದೇಶಗಳಿಗೆ ಒಂದು ಅಂಕಣ, ಶಿಕ್ಷಕರ ಚಟುವಟಿಕೆಗೆ ಒಂದು, ಮಕ್ಕಳ ಚಟುವಟಿಕೆಗೆ ಒಂದು, ಉಪಕರಣಗಳಿಗೆ ಒಂದು, ಕೊನೆಗೆ ಮೌಲ್ಯಮಾಪನಕ್ಕೊಂದು. ನಲವತ್ತು ನಿಮಿಷದ ಪಾಠವನ್ನು ಅಷ್ಟು ಅಚ್ಚುಕಟ್ಟಾಗಿ ಹಾಳೆಯ ಮೇಲೆ ಹರಡಿದ್ದನ್ನು ಕಂಡರೆ, ಮಕ್ಕಳೇ ಬಾರದಿದ್ದರೂ ಪಾಠ ನಡೆದುಹೋಗಬಹುದೆಂಬ ಭ್ರಮೆ ಹುಟ್ಟುತ್ತದೆ. ಎರಡನೆಯ ಬೆಂಚಿನ ಹುಡುಗ ಗಳಿಗೆಗೊಮ್ಮೆ ಹಿಂದಕ್ಕೆ ತಿರುಗುತ್ತಾನಲ್ಲ, ಅವನಿಗೆ ಮಾತ್ರ ಅದರಲ್ಲಿ ಯಾವ ಅಂಕಣವೂ ಇಲ್ಲ.

ಮೊದಲು ಒಂದೇ ವರ್ಷದ್ದಾಗಿದ್ದ ಈ ಶಿಕ್ಷಣವನ್ನು ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಎರಡು ವರ್ಷಕ್ಕೆ ಏರಿಸಿದವು. ಎರಡನೆಯ ವರ್ಷದಲ್ಲಿ 16 ವಾರ ಶಾಲೆಯಲ್ಲಿಯೇ ಇದ್ದು ಕಲಿಯಬೇಕೆಂದು ಗೊತ್ತುಮಾಡಿದವು. ಹೀಗಾಗಿ ಗೋಕಾಕ, ಹುಕ್ಕೇರಿ, ಈಚೆಗೆ ತಾಲೂಕಾದ ಮೂಡಲಗಿ, ಈ ಮೂರೂ ಕಡೆಯ ಬಸ್ಸುಗಳಿಂದ ವರ್ಷದ ಕೆಲವು ತಿಂಗಳು ಸುರುಳಿ ಸುತ್ತಿದ ನಕ್ಷೆಗಳನ್ನು ಕಂಕುಳಲ್ಲಿಟ್ಟುಕೊಂಡ ತರುಣ ತರುಣಿಯರು ಇಳಿಯುವುದನ್ನು ಕಾಣುತ್ತೇವೆ. ಅವರಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳು. ಛಂದಸ್ಸಿನದೋ ಹಳಗನ್ನಡದ ಪದದ್ದೋ ಸಂಶಯವೆಂದು ನೆಪ ಹೂಡಿ ಮನೆಗೆ ಬರುತ್ತಾರೆ. ಐದು ನಿಮಿಷದಲ್ಲಿ ಛಂದಸ್ಸು ಮುಗಿಯುತ್ತದೆ, ಮಾತು ತರಗತಿಯ ಗದ್ದಲಕ್ಕೆ ಹೊರಳುತ್ತದೆ.

ಆ ಗದ್ದಲದ ಮಾತಿನ ಹಿಂದೆ ಒಂದು ನೈತಿಕ ಪ್ರಶ್ನೆ ಅಡಗಿದೆಯೆಂದು ನನಗೆ ಬಹುದಿನದಿಂದ ಅನಿಸುತ್ತಿದೆ. ಗೋಕಾಕದ ಗೊಂಬೆ ಮಾಡುವವನ ಮಗ ಉಳಿ ಹಿಡಿಯಲು ಕಲಿಯುವಾಗ ನಾಲ್ಕು ಕಟ್ಟಿಗೆಯ ತುಂಡು ಕೆಡುತ್ತವೆ, ಒಲೆಗೆ ಹಾಕಿದರಾಯಿತು. ಕರದಂಟು ಮಾಡುವಲ್ಲಿ ಹೊಸಬನ ಕೈಯಲ್ಲಿ ಬೆಲ್ಲದ ಪಾಕ ಏರಿದರೆ ಮಾಲೀಕ ನಾಲ್ಕು ಮಾತು ಬೈದು ಬೇರೆ ಪಾಕ ಇಡುತ್ತಾನೆ. ಆದರೆ ಎಂಟನೆಯ ತರಗತಿಯ ಮಕ್ಕಳ ನಲವತ್ತು ನಿಮಿಷ ಕೆಟ್ಟರೆ ಅದನ್ನು ಯಾವ ಒಲೆಗೆ ಹಾಕುವುದು? ಕಲಿಯುವವಳು ಕಲಿಯಬೇಕು, ನಿಜ. ಮೊದಲ ತರಗತಿ ಇಲ್ಲದೆ ಯಾರೂ ಮೂವತ್ತು ವರ್ಷದ ಅನುಭವದ ಶಿಕ್ಷಕರಾಗಲಾರರು. ಆದರೂ ಆ ಮಕ್ಕಳನ್ನು ನಾವು ಎರವಲು ತಂದಿದ್ದೇವೆ, ಅದೂ ಅವರನ್ನು ಕೇಳದೆ. ಮನುಷ್ಯನನ್ನು ಕೇವಲ ಸಾಧನವನ್ನಾಗಿ ಬಳಸಕೂಡದೆಂದು ಜರ್ಮನಿಯ ಕಾಂಟ್ 1785ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥದಲ್ಲಿ ವಾದಿಸಿದ. ಅಲ್ಲಿಯ ‘ಕೇವಲ’ ಎಂಬ ಪದವೇ ನಮ್ಮ ಪ್ರಶಿಕ್ಷಣಾರ್ಥಿಗೆ ಆಸರೆ. ಆಕೆ ಮಕ್ಕಳಿಂದ ಕಲಿಯುತ್ತಾಳೆ, ಜೊತೆಗೆ ಅವರಿಗೆ ಕಲಿಸುತ್ತಲೂ ಇದ್ದರೆ ಲೆಕ್ಕ ಹೇಗೋ ಸರಿಹೋಗುತ್ತದೆ. ಕಲಿಸುವುದನ್ನು ಬಿಟ್ಟು ಬರಿಯ ‘ಹತೋಟಿ’ಯ ಅಭ್ಯಾಸಕ್ಕೆ ಇಳಿದಳೋ, ಆಸರೆ ತಪ್ಪುತ್ತದೆ.

ಈ ಹತೋಟಿಯ ವಿಷಯವಾಗಿ ಶಿಕ್ಷಕರ ಕೊಠಡಿಗಳಲ್ಲಿ ಒಂದು ಉಪದೇಶ ಪರಂಪರೆಯಿಂದ ಬಂದಿದೆ: “ಮೊದಲನೇ ದಿನಾನ ಒಬ್ಬಾಂವನ್ನ ಎಬ್ಬಿಸಿ ನಿಂದರಸ್ರಿ. ಉಳದವ್ರು ತಾವಾಗೆ ಸುಮ್ಮ ಆಗ್ತಾರ.” ಹೇಳುವವರು ಕೆಟ್ಟವರಲ್ಲ, ಹೊಸಬರು ಅತ್ತಾರೆಂಬ ಕರುಣೆಯಿಂದಲೇ ಹೇಳುತ್ತಾರೆ. ಬೆತ್ತಕ್ಕಂತೂ ಈಗ ಅವಕಾಶವಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. (ಹಿಂದಿನ ಕೂಲಿಮಠಗಳಲ್ಲಿ ಹುಡುಗರನ್ನು ಕೋದಂಡಕ್ಕೆ ಏರಿಸುತ್ತಿದ್ದರೆಂಬುದನ್ನು ನೆನೆದರೆ ಇದು ದೊಡ್ಡ ದಾರಿಯೇ. ಸಂಸ್ಕೃತದಲ್ಲಿ ಕಲಿಕೆಯೆಂಬ ಅರ್ಥವಿದ್ದ ‘ಶಿಕ್ಷೆ’ ನಮ್ಮ ಬಾಯಲ್ಲಿ ದಂಡನೆಯಾದದ್ದು ಸುಮ್ಮನೆ ಅಲ್ಲ.) ಆದರೆ ಒಬ್ಬನನ್ನು ಎಬ್ಬಿಸಿ ನಿಲ್ಲಿಸುವುದು ಹೊಡೆತವಲ್ಲ, ಬೈಗುಳವೂ ಅಲ್ಲ, ಕಾಯಿದೆಯ ಕಣ್ಣಿಗೆ ಬೀಳದಷ್ಟು ಸಣ್ಣದು.

ಸಣ್ಣದೇ? ಆ ಒಬ್ಬನನ್ನು ಆರಿಸುವ ಬಗೆಯನ್ನು ನೋಡಿ. ಅವನು ತಪ್ಪು ಮಾಡಿದ್ದಾನೆಂದು ನಿಲ್ಲಿಸುವುದಿಲ್ಲ. ಅವನು ನಿಂತರೆ ಉಳಿದವರು ಅಂಜುತ್ತಾರೆಂದು ನಿಲ್ಲಿಸುವುದು. ಹಾಗಾದರೆ ಯಾರು ನಿಂತರೂ ನಡೆದೀತು. ಯಾರು ನಿಂತರೂ ನಡೆಯುವಾಗ, ಊರ ಡಾಕ್ಟರರ ಮಗ ನಿಲ್ಲುವುದಿಲ್ಲ, ಪಂಚಾಯಿತಿ ಸದಸ್ಯರ ಮಗಳೂ ನಿಲ್ಲುವುದಿಲ್ಲ. ಮರುದಿನ ಯಾರ ಅಪ್ಪ ಶಾಲೆಗೆ ಬಂದು ಕೇಳುವುದಿಲ್ಲವೋ, ಕಬ್ಬು ಕಡಿಯಲು ಹೋದವನಿಗೆ ಕೇಳುವ ಪುರಸೊತ್ತೇ ಇಲ್ಲವೋ, ಅಂಥವನ ಮಗ ನಿಲ್ಲುತ್ತಾನೆ. ತರಗತಿಯ ಶಾಂತಿಯ ಬೆಲೆಯನ್ನು ಅವನೊಬ್ಬನೇ ತೆರುತ್ತಾನೆ. ಉಳಿದ ಮಕ್ಕಳೂ ಅಂದು ಒಂದು ಪಾಠ ಕಲಿಯುತ್ತಾರೆ. ಪಾಠಯೋಜನೆಯಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ.

ಸೋಜಿಗವೆಂದರೆ, ಈ ಉಪದೇಶವನ್ನು ಒಬ್ಬ ವಿದ್ವಾಂಸ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾನೆ. ಅಮೆರಿಕದ ಜೇಕಬ್ ಕೌನಿನ್ ಎಂಬಾತ ಒಮ್ಮೆ ತನ್ನ ಕಾಲೇಜು ತರಗತಿಯಲ್ಲಿ ವೃತ್ತಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಯನ್ನು ಗದರಿಸಿದ. ಉಳಿದವರೆಲ್ಲ ಸೆಟೆದು ಕುಳಿತರು. ಒಬ್ಬನಿಗೆ ಹೇಳಿದ್ದು ಹಲವರಿಗೆ ತಾಗುವ ಈ ಮರ್ಮವನ್ನು ಹಿಡಿಯಬೇಕೆಂದು ಆತ ಹೊರಟ. ಆದರೆ 1970ರ ಗ್ರಂಥದಲ್ಲಿ ಆತ ತಲಪಿದ ನಿರ್ಣಯ ಬೇರೆಯೇ ಆಗಿತ್ತು: ಗದರುವ ಬಗೆ ಹೇಗೆಯೇ ಇರಲಿ, ಅದಕ್ಕೂ ತರಗತಿ ಒಟ್ಟಾರೆ ಹೇಗೆ ನಡೆಯುತ್ತದೆಂಬುದಕ್ಕೂ ಸಂಬಂಧ ಕಾಣಲಿಲ್ಲ. ಏನು ನಡೆಯುತ್ತಿದೆಯೆಂಬುದು ಶಿಕ್ಷಕನಿಗೆ ಗೊತ್ತಿದೆಯೆಂದು ಮಕ್ಕಳಿಗೆ ತಿಳಿಯುವುದು, ಪಾಠ ಎಲ್ಲಿಯೂ ತಡವರಿಸದೆ ಸಾಗುವುದು, ಇವೇ ಮುಖ್ಯವಾದವು. ನಮ್ಮ ಕೊಠಡಿಗಳಿಗೆ ಈ ಸುದ್ದಿ ಇನ್ನೂ ಬಂದಂತಿಲ್ಲ.

ಇನ್ನೊಂದು ತುದಿಯ ಉಪದೇಶವೂ ಉಂಟು: ಪ್ರೀತಿಯಿಂದ ಗೆಲ್ಲಿರಿ. ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ದ ಶಿಕ್ಷಕ ಮೊದಲ ದಿನ ಮಕ್ಕಳಿಗೆ ಮೌನದ ಆಟ ಆಡಿಸಹೋಗಿ, ಅವರ ಕೂಗಾಟದ ಮುಂದೆ ಸೋತು ರಜೆ ಕೊಟ್ಟು ಕಳಿಸುತ್ತಾನೆ, ಮರುದಿನ ಕಥೆ ತೆಗೆದಾಗ ತರಗತಿ ತಾನಾಗಿ ಅವನತ್ತ ತಿರುಗುತ್ತದೆ. ಚೆಲುವಾದ ಪುಸ್ತಕ. ಆದರೆ ಅದನ್ನು ಅರೆಬರೆ ಓದಿದವರು ಕಥೆಯನ್ನು ಬಿಟ್ಟು ಚಾಕೊಲೇಟು ಹಂಚುವುದನ್ನು ನಾನು ಬಲ್ಲೆ. ಅಂಜಿಸುವುದೂ ಆಮಿಷವೊಡ್ಡುವುದೂ ಒಂದೇ ಮನೆಯ ಎರಡು ಬಾಗಿಲು. ಎರಡರಲ್ಲಿಯೂ ಎದುರಿಗಿರುವ ಮಗು ಯಾರೆಂದು ತಿಳಿಯುವ ತೊಂದರೆ ತಪ್ಪುತ್ತದೆ.

ಮೂಡಲಗಿ ಸೀಮೆಯ ಒಂದು ಶಾಲೆಗೆ ಹೋಗಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹಿರಿಯರು ಮೊದಲಿನ ಉಪದೇಶವನ್ನೇ ಕೊಟ್ಟರು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರು ಕುಳಿತಿರುವವರೆಗೆ ತರಗತಿ ಶಾಂತ. ಅವರು ಎದ್ದುಹೋದೊಡನೆ ಸಂತೆ. ಆ ಶಾಂತಿಯೂ ಎರವಲಿನದೇ. “ಯಾರನ್ನ ನಿಂದರಸೂದು ಅಂತ ನಾಕ ದಿನಾ ಆರಿಸಿಕೋಂತ ಕುಂತಿದ್ದೆ, ಸರ್. ಐದನೇ ದಿನಾ ನನಗ ಹೇಸಿಗಿ ಬಂತು” ಎಂದಳು. ಆಕೆ ಆರಿಸಿದ್ದವನು ಎರಡನೆಯ ಬೆಂಚಿನ, ಸದಾ ಹಿಂದಕ್ಕೆ ತಿರುಗುವ ಹುಡುಗ. ಅವನನ್ನು ನಿಲ್ಲಿಸುವ ಬದಲು ಬಿಡುವಿನಲ್ಲಿ ಹತ್ತಿರ ಹೋಗಿ ಯಾಕೆ ತಿರುಗುತ್ತೀಯೆಂದು ಕೇಳಿದಳು. ಹಿಂದಿನವನನ್ನು ತೋರಿಸಿ, “ಅಕ್ಕೋರ, ಇವಂಗ ಹಲಗಿ ಆ ಬದಿ ಕಾಣೂದಿಲ್ರಿ. ನಾ ಹೇಳಾಕತ್ತೇನ್ರಿ” ಎಂದ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಹಲಗೆಯ ಬಲಬದಿಯನ್ನು ಬೆಳ್ಳಗೆ ಮಾಡುತ್ತಿತ್ತು.

ಎಲ್ಲ ಗದ್ದಲಕ್ಕೂ ಇಂಥ ಪುಣ್ಯದ ಕಾರಣವಿರುತ್ತದೆಂದು ನಾನು ಹೇಳಲಾರೆ. ಹುಕ್ಕೇರಿಯ ಕಡೆಯ ಇನ್ನೊಬ್ಬನ ತರಗತಿಯಲ್ಲಿ ಹುಡುಗನೊಬ್ಬ ಬೆಂಚಿನ ಮೇಲೆ ಡೊಳ್ಳಿನ ಪೆಟ್ಟು ಹಾಕುತ್ತಿದ್ದ. ಕಾರಣ ಹುಡುಕಿದರೆ ಏನೂ ಇರಲಿಲ್ಲ, ಅವನಿಗೆ ಡೊಳ್ಳು ಇಷ್ಟ, ಅಷ್ಟೆ. ತಪ್ಪು ಅವನದೇ. ಹಾಗೆಂದ ಮಾತ್ರಕ್ಕೆ ಅವನನ್ನು ಉಳಿದವರಿಗೆ ಗಾದೆಮಾತಾಗಿಸುವ ಹಕ್ಕು ಬಂತೆ? ತಪ್ಪು ಮಾಡಿದವನಿಗೂ ಅವನ ತಪ್ಪಿನ ಅಳತೆಯಷ್ಟೇ ಸಲ್ಲಬೇಕು. ಇಡೀ ತರಗತಿಯ ಪಾಲನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ತರುಣ ಪಾಠ ಹೇಳುತ್ತಲೇ ನಡೆದುಹೋಗಿ ಬೆಂಚಿನ ಮೇಲೆ ತನ್ನ ಕೈ ಇಟ್ಟ. ಪೆಟ್ಟು ನಿಂತಿತು. ಪಾಠ ನಿಲ್ಲಲಿಲ್ಲ. ಕೌನಿನ್ನನ ಹೆಸರನ್ನು ಆತ ಕೇಳಿರಲಿಲ್ಲ.

ಮೂಡಲಗಿಯ ಹುಡುಗಿಯ ಪಾಠವನ್ನು ನೋಡಲು ಕೊನೆಗೆ ಪರೀಕ್ಷಕರು ಬಂದರು. ಅವರ ಹಾಳೆಯಲ್ಲಿ ‘ತರಗತಿ ನಿಯಂತ್ರಣ’ ಎಂಬ ಸಾಲಿತ್ತು. ಅದರಲ್ಲಿ ಆಕೆಗೆ ಸಾಧಾರಣವೆಂಬ ಗುರುತು ಬಿತ್ತು. ಬಿಸಿಲಿನ ಕಥೆಯನ್ನು ಅವರಿಗೆ ಹೇಳಬಹುದಿತ್ತಲ್ಲ ಎಂದೆ. ಆಕೆ ನಕ್ಕಳು. “ಅವತ್ತ ಮೋಡ ಆಗಿತ್ತು, ಸರ್. ಹಲಗಿ ಎಲ್ಲಾರಿಗೂ ಕಾಣತಿತ್ತು. ಆದ್ರೂ ಆಂವ ತಿರಗಿ ಮಾತಾಡಿದಾ.”

ಮತ್ತೇನು ಮಾಡಿದೆಯೆಂದು ಕೇಳಿದೆ.

“ಹೆಸರ ಹಿಡದು ಮುಂದಿನ ಪದ್ಯ ಓದಪಾ ಅಂದೆ. ಓದಿದಾ.”