ಬಿಂಬದರ್ಶನ ಮತ್ತು ಕಲಾದೃಷ್ಟಿ

ಕಣ್ಣು ಪಂಚೇಂದ್ರಿಯಗಳಲ್ಲಿ ಒಂದು. ಇಂದ್ರಿಯಗಳನ್ನು ನಿಗ್ರಹಿಸಬೇಕೆಂಬುದು ಜಿನೋಪದೇಶ. ಹೀಗಿರುವಾಗ ಶಿಲ್ಪದ ಚೆಲುವಿಗೆ, ಚಿತ್ರದ ವರ್ಣಕ್ಕೆ ಮನಸೋತು ನಿಲ್ಲುವುದು ರಾಗವಲ್ಲವೇ? ಬಸದಿಗೆ ಬಂದ ಶ್ರಾವಕನು ಬಿಂಬಕ್ಕೆ ತಲೆಬಾಗಿ, ಅರ್ಘ್ಯವನ್ನು ಅರ್ಪಿಸಿ ಹಿಂದಿರುಗಿದರೆ ಸಾಲದೇ? ಕಲೆಯ ಗುಣದೋಷಗಳ ವಿಚಾರ ಅವನಿಗೇಕೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ದೊರೆಯುವ ಉತ್ತರವನ್ನು ಅವಲಂಬಿಸಿಯೇ ಎಷ್ಟೋ ಹಳೆಯ ಬಸದಿಗಳ ಗೋಡೆ, ಕಂಬ, ಭುವನೇಶ್ವರಿಗಳ ಅಳಿವು ಉಳಿವು ನಿಂತಿದೆ.

ಆದಿಪುರಾಣದ ನೀಲಾಂಜನೆಯ ಪ್ರಸಂಗ ಇಲ್ಲಿ ದಾರಿ ತೋರುತ್ತದೆ. ವೃಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ಆ ಸುರನರ್ತಕಿಯ ಆಯುಸ್ಸು ನೃತ್ಯದ ನಡುವೆಯೇ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲೇ ಅವಳನ್ನೇ ಹೋಲುವ ಮತ್ತೊಬ್ಬಳನ್ನು ಸೃಷ್ಟಿಸುತ್ತಾನೆ. ಸಭೆಗೆ ಏನೊಂದೂ ತಿಳಿಯುವುದಿಲ್ಲ. ವೃಷಭನೊಬ್ಬನೇ ವ್ಯತ್ಯಾಸವನ್ನು ಕಾಣುತ್ತಾನೆ. ಆ ಕಾಣ್ಕೆಯೇ ಅವನ ವೈರಾಗ್ಯಕ್ಕೆ ಮೂಲ. ಸಭಿಕರೂ ನೋಡಿದರು, ಹರ್ಷಪಟ್ಟರು. ಅವರ ನೋಟದಲ್ಲಿ ರಾಗವಿತ್ತು, ಎಚ್ಚರವಿರಲಿಲ್ಲ. ವೃಷಭನು ಕಣ್ಮುಚ್ಚಿ ಕುಳಿತಿದ್ದರೆ ಅವನಿಗೂ ಅಂದು ಏನೂ ತಿಳಿಯುತ್ತಿರಲಿಲ್ಲ. ಮಥುರೆಯ ಕಂಕಾಲಿ ಟೀಲಾದಲ್ಲಿ ದೊರೆತು ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಪ್ರಾಚೀನ ಶಿಲಾಪಟ್ಟವೊಂದನ್ನು ವಿದ್ವಾಂಸರು ಇದೇ ನೃತ್ಯದ ದೃಶ್ಯವೆಂದು ಗುರುತಿಸಿದ್ದಾರೆ. ಬಿಂಬಗಳನ್ನು ಪೂಜಿಸಿದ ಸಮಾಜವೇ ಈ ಕಥೆಯನ್ನೂ ಕಲ್ಲಿನಲ್ಲಿ ಕಡೆಯಿಸಿತು.

ಎಚ್ಚರದಿಂದ ನೋಡುವುದೆಂದರೇನು? ಶ್ರವಣಬೆಳ್ಗೊಳದ ದೊಡ್ಡಬೆಟ್ಟವನ್ನು ಏರಿದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಎತ್ತರವನ್ನು. ಸುಮಾರು 58 ಅಡಿ ಎಂಬ ಉತ್ತರ ದೊರೆತೊಡನೆ ನೋಟ ಮುಗಿದುಹೋಗುತ್ತದೆ. ಚಾವುಂಡರಾಯನು 981ರ ಸುಮಾರಿನಲ್ಲಿ ಮಾಡಿಸಿದ ಈ ಮೂರ್ತಿಯ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತವನಿಗೆ ಬೇರೆ ಸಂಗತಿಗಳು ಗೋಚರಿಸತೊಡಗುತ್ತವೆ. ಪಾದಗಳ ಬಳಿ ಹುತ್ತಗಳು, ಅವುಗಳಿಂದ ತಲೆಯೆತ್ತಿದ ಸರ್ಪಗಳು. ಕಾಲುಗಳನ್ನು ಬಳಸಿ ತೋಳುಗಳವರೆಗೆ ಹಬ್ಬಿದ ಮಾಧವೀಲತೆ. ಬಾಹುಬಲಿಯು ಒಂದು ವರ್ಷ ಅಲುಗದೆ ಕಾಯೋತ್ಸರ್ಗದಲ್ಲಿ ನಿಂತನೆಂಬುದನ್ನು ಪುರಾಣವು ಮಾತಿನಲ್ಲಿ ಹೇಳಬಲ್ಲದು. ಕಲ್ಲು ಕಾಲವನ್ನು ಹೇಳುವುದು ಹೇಗೆ? ಬಳ್ಳಿ ಬೆಳೆದಿದೆ, ದೇಹ ಕದಲಿಲ್ಲ. ಚಲಿಸುವುದನ್ನು ಪಕ್ಕದಲ್ಲಿಟ್ಟು ನಿಶ್ಚಲತೆಯನ್ನು ತೋರಿಸಿದ್ದಾನೆ ಶಿಲ್ಪಿ. ಬಳ್ಳಿಯನ್ನು ಅಲಂಕಾರವೆಂದು ತಿಳಿದವನು ಅರ್ಧ ಮೂರ್ತಿಯನ್ನು ಮಾತ್ರ ಕಂಡಂತಾಯಿತು.

ಮೂರ್ತಿಯು ಉತ್ತರಾಭಿಮುಖ. ಆದುದರಿಂದ ಬೆಳಗಿನ ಬಿಸಿಲು ಬಲಗೆನ್ನೆಯ ಕಡೆಯಿಂದ, ಸಂಜೆಯದು ಎಡಗೆನ್ನೆಯ ಕಡೆಯಿಂದ ಬೀಳುತ್ತದೆ. ತುಟಿಯಂಚಿನ ಆ ಮಂದಸ್ಮಿತವು ಬೆಳಿಗ್ಗೆ ಒಂದು ಬಗೆಯಾಗಿ, ಇಳಿಹೊತ್ತಿನಲ್ಲಿ ಇನ್ನೊಂದು ಬಗೆಯಾಗಿ ಕಾಣುವುದು ಇದರಿಂದಲೇ. ಮಹಾಮಸ್ತಕಾಭಿಷೇಕದ ಜನಸಂದಣಿಯಲ್ಲಿ ಇದನ್ನು ಗಮನಿಸುವುದು ಕಷ್ಟ. ಯಾವುದಾದರೂ ಸಾಮಾನ್ಯ ದಿನದಲ್ಲಿ ಎರಡು ಬಾರಿ ಬೆಟ್ಟವೇರಬೇಕು.

ಮೆಚ್ಚುವುದೆಂದರೆ ದೋಷವನ್ನು ಕಾಣದಿರುವುದೆಂದು ತಿಳಿಯಬೇಕಾಗಿಲ್ಲ. ಮೊಣಕಾಲಿನ ಕೆಳಗಿನ ಭಾಗವು ಉಳಿದ ದೇಹದ ಪ್ರಮಾಣಕ್ಕೆ ಗಿಡ್ಡವೆಂದು ಬಲ್ಲವರು ಹೇಳಿದ್ದಾರೆ. ಹಾಗೆ ಹೇಳಿದುದರಿಂದ ಭಕ್ತಿಗೆ ಊನವಾಗಲಿಲ್ಲ. ಗುಣವಿವೇಚನೆಯೂ ಹೊರಗಿನಿಂದ ಬಂದ ಹೊಸ ಅಭ್ಯಾಸವೇನಲ್ಲ. 12ನೆಯ ಶತಮಾನದ ಬೊಪ್ಪಣ ಪಂಡಿತನು ಬೆಳ್ಗೊಳದ ತನ್ನ ಶಾಸನಕಾವ್ಯದಲ್ಲಿ ಗೊಮ್ಮಟನನ್ನು ಸ್ತುತಿಸುವಾಗ ಮೂರು ಅಳತೆಗಳನ್ನು ಇಟ್ಟುಕೊಳ್ಳುತ್ತಾನೆ: ಔನ್ನತ್ಯ, ಸೌಂದರ್ಯ, ಅತಿಶಯ. ಬಹಳ ಎತ್ತರದ ಮೂರ್ತಿಗೆ ಚೆಲುವು ಒದಗುವುದು ದುರ್ಲಭ. ಎರಡೂ ಒದಗಿದರೂ ಅತಿಶಯವು ಒದಗುವುದು ಇನ್ನೂ ದುರ್ಲಭ. ಇಲ್ಲಿ ಮೂರೂ ಕೂಡಿವೆಯೆಂಬುದು ಅವನ ವಾದ. ಎತ್ತರವೊಂದೇ ಹಿರಿಮೆಯಲ್ಲವೆಂಬ ಅರಿವು ಆ ಕಾಲದ ಕವಿಗೆ ಇತ್ತು. ಎತ್ತರದಲ್ಲಿ ಪೈಪೋಟಿ ನಡೆಸುವ ಇಂದಿನ ಕೆಲವು ಪ್ರತಿಷ್ಠಾಪಕರಿಗೆ ಅದು ಇದೆಯೇ ಎಂಬುದು ಬೇರೆ ಮಾತು.

ಹೋಲಿಕೆಯು ಕಣ್ಣಿಗೆ ಒಳ್ಳೆಯ ಗುರು. ಬಾದಾಮಿಯ ಜೈನಗುಹೆಯ ಬಾಹುಬಲಿಗೆ ಹೆಗಲ ಮೇಲೆ ಇಳಿಬಿದ್ದ ಕೂದಲುಂಟು, ಬೆಳ್ಗೊಳದಲ್ಲಿ ಗುಂಗುರುಗೂದಲು. 1432ರ ಕಾರ್ಕಳ, 1604ರ ವೇಣೂರುಗಳ ಮೂರ್ತಿಗಳೂ ಅದೇ ನಿಲುವಿನವು, ಅದೇ ಲತೆಯವು. ಮುಖಭಾವ ಮಾತ್ರ ಒಂದರಂತೆ ಇನ್ನೊಂದಿಲ್ಲ. ಆಗಮೋಕ್ತವಾದ ಲಕ್ಷಣಗಳು ಒಂದೇ ಆಗಿದ್ದರೂ ಕೈಗಳು ಬೇರೆ. ಮಾಡಿಸಿದ ಚಾವುಂಡರಾಯನ ಹೆಸರು ಪಾದದ ಬಳಿ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿದೆ; ಕಡೆದವನ ಹೆಸರನ್ನು ಅಲ್ಲಿ ಬರೆದಿಲ್ಲ. ಆ ಕೈಯನ್ನು ಗುರುತಿಸಿ ಗೌರವಿಸಲು ನೋಡುವವನ ಕಣ್ಣಲ್ಲದೆ ಬೇರೆ ಸಾಧನವಿಲ್ಲ.

ಕಲ್ಲಿಗಿಂತ ಚಿತ್ರವು ಹೆಚ್ಚು ಅಸಹಾಯ. ಬೆಳ್ಗೊಳದ ಶ್ರೀಮಠದ ಭಿತ್ತಿಚಿತ್ರಗಳಲ್ಲಿ ಸಮವಸರಣವಿದೆ, ನಾಗಕುಮಾರನ ಚರಿತೆಯಿದೆ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಇದೆ. ಅಲ್ಲಿಯೇ ಷಡ್ಲೇಶ್ಯೆಗಳನ್ನು ಸೂಚಿಸುವ ಮರವೊಂದಿದ್ದು, ಅದರಲ್ಲಿ ಆರು ಮಂದಿಯನ್ನು ಚಿತ್ರಿಸಲಾಗಿದೆ. ಹಣ್ಣಿಗಾಗಿ ಮರವನ್ನು ಬುಡಸಹಿತ ಕಡಿಯಬಯಸುವವನು ಕೃಷ್ಣಲೇಶ್ಯೆಯವನು, ತಾನಾಗಿ ಉದುರಿದುದನ್ನು ಆಯ್ದುಕೊಳ್ಳುವವನು ಶುಕ್ಲಲೇಶ್ಯೆಯವನು ಎಂಬ ದೃಷ್ಟಾಂತವನ್ನು ಓದು ಬಾರದ ಮಗುವೂ ಅಂತಹ ಚಿತ್ರದಿಂದ ಕಲಿಯಬಲ್ಲದು. ಇಂತಹ ಗೋಡೆಯ ಮೇಲೆ ಒಮ್ಮೆ ಸುಣ್ಣ ಬಿದ್ದರೆ ಆ ಪಾಠ ಮುಗಿಯಿತು.

ಸುಣ್ಣ ಬಳಿಯುವವರು ದುಷ್ಟರೇನಲ್ಲ. ಬಸದಿಯು ಶುಚಿಯಾಗಿರಲಿ, ಹಬ್ಬಕ್ಕೆ ಹೊಸದಾಗಿ ಕಾಣಲಿ ಎಂಬುದು ಅವರ ಸದಾಶಯ. ದಾನಿಗಳೂ ಕಣ್ಣಿಗೆ ಕಾಣುವ ಕೆಲಸವನ್ನೇ ಬಯಸುತ್ತಾರೆ. ಹಳೆಯ ಗಾರೆಯನ್ನು ಉಳಿಸಿದುದಕ್ಕೆ ಯಾರ ಹೆಸರಿನ ಫಲಕವನ್ನು ಹಾಕುವುದು? ಆಡಳಿತ ಮಂಡಳಿಯ ಕಷ್ಟ ನಿಜವಾದದ್ದೇ. ಆದರೂ ಕಂಬಕ್ಕೆ ಎಣ್ಣೆಬಣ್ಣ ಬಳಿದರೆ ಉಳಿಯ ಗೆರೆಗಳು ಮುಚ್ಚಿಹೋಗುತ್ತವೆ, ಮರಳು ಚಿಮ್ಮಿಸಿ ತೊಳೆದರೆ ಕಲ್ಲಿನ ಮೇಲ್ಮೈಯೇ ಸವೆಯುತ್ತದೆ, ಹೊಳೆಯುವ ಹಾಸುಗಲ್ಲು ಹಾಕಿದರೆ ಅಡಿಯ ಶಾಸನವು ಮರೆಯಾಗುತ್ತದೆ. ಸಾವಿರ ವರ್ಷ ಉಳಿದು ಬಂದುದರ ಮೇಲೆ ಐದು ವರ್ಷದ ಅಧಿಕಾರಾವಧಿಯ ಮಂಡಳಿಗೆ ಎಷ್ಟು ಹಕ್ಕು? ತನ್ನದಲ್ಲದುದನ್ನು ತನ್ನದೆಂದು ತಿಳಿದು ತನ್ನ ರುಚಿಗೆ ತಕ್ಕಂತೆ ಬದಲಿಸುವುದೂ ಪರಿಗ್ರಹದ ಒಂದು ರೂಪವೇ.

ಕೆಲಸ ಆರಂಭಿಸುವ ಮೊದಲು ಮಂಡಳಿಯ ಸದಸ್ಯರೆಲ್ಲರೂ ಒಂದು ಬೆಳಿಗ್ಗೆ ಬಸದಿಯಲ್ಲಿ ಸೇರಿ, ದೀಪ ಹಿಡಿದು ಗೋಡೆಗೋಡೆಯನ್ನೂ ಪಕ್ಕದಿಂದ ನೋಡಬಹುದು. ಓರೆಯಾಗಿ ಬಿದ್ದ ಬೆಳಕಿನಲ್ಲಿ, ಹಳೆಯ ಸುಣ್ಣದ ಪದರದಡಿಯಿಂದ ಎಷ್ಟೋ ಸಲ ಒಂದು ಗೆರೆ, ಒಂದು ಬೆರಳು ಕಾಣಿಸಿಕೊಳ್ಳುವುದುಂಟು. ಅದು ಕಂಡರೆ ಕೈಯಲ್ಲಿ ಕೆರೆಯದೆ, ಛಾಯಾಚಿತ್ರ ತೆಗೆಸಿ, ಸಂರಕ್ಷಣೆಯನ್ನು ಬಲ್ಲವರನ್ನು ಕರೆಸುವವರೆಗೆ ಕುಂಚವನ್ನು ಕೆಳಗಿಡುವುದು ಯುಕ್ತ.