ಅಭಾವದ ಸಾಕ್ಷಿ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿತೋಟಗಳಿಗೆ ಬೇಸಗೆಯಲ್ಲಿ ಕೃಷಿಹೊಂಡದ ನೀರೇ ಪ್ರಾಣವಾದುದರಿಂದ, ಹೊಂಡದಲ್ಲಿ ಎಷ್ಟು ನೀರುಂಟೆಂಬ ಪ್ರಶ್ನೆ ಅಲ್ಲಿಯ ರೈತನಿಗೆ ಸಾಮಾನ್ಯವಾದುದಲ್ಲ. ಪಂಪಿನ ಮೋಟಾರನ್ನು, ಅದರ ವೇಗವನ್ನು ನಿಯಂತ್ರಿಸುವ ಡ್ರೈವ್ ಎಂಬ ಸಾಧನ ನಡೆಸುವಲ್ಲಿ ಇದಕ್ಕೆ ಉತ್ತರ ತಳದಲ್ಲಿಟ್ಟ ಸೆನ್ಸರಿನಿಂದ ವಿದ್ಯುತ್ಪ್ರವಾಹವಾಗಿ ಬರುತ್ತದೆ: 4 ಮಿಲಿಆಂಪಿಯರ್ ಬಂದರೆ ನೀರಿಲ್ಲ, 20 ಬಂದರೆ ಹೊಂಡ ತುಂಬಿದೆ. ಪೂರ್ಣ ಆಳ 8 ಮೀಟರಾಗಿದ್ದು 12 ಮಿಲಿಆಂಪಿಯರ್ ಬಂದರೆ ಡ್ರೈವ್ 4 ಮೀಟರೆಂದು ತೋರಿಸಬೇಕು. ಆದರೆ ಪ್ರವಾಹವು ತಾನಾಗಿ ಆಳವನ್ನರಿಯದು. ಅದೇ 12 ಬೇರೊಂದೆಡೆ ಒತ್ತಡವನ್ನೋ ಉಷ್ಣವನ್ನೋ ಹೇಳೀತು. ಕನಿಷ್ಠವೆಷ್ಟು, ಗರಿಷ್ಠವೆಷ್ಟು ಎಂಬುದನ್ನು ಮನುಷ್ಯನು ಮೊದಲು ಗೊತ್ತುಮಾಡಿಟ್ಟ ಮೇಲೆಯೇ ಅದಕ್ಕೆ ಅರ್ಥ. ಆ ನಿಗದಿ ತಪ್ಪಿದರೆ ಸುಳ್ಳೂ ಅಷ್ಟೇ ಸ್ಪಷ್ಟವಾದ ಅಂಕೆಯಾಗಿ ತೋರುತ್ತದೆ.

ಇದರಲ್ಲಿ ನನಗೆ ಅತ್ಯಂತ ಗಹನವೆನಿಸುವುದು ಸೊನ್ನೆಯ ಸ್ಥಾನದಲ್ಲಿ 4ನ್ನು ಇರಿಸಿದ ವಿವೇಕ. ನೀರಿಲ್ಲದುದಕ್ಕೆ ಪ್ರವಾಹವಿಲ್ಲದುದನ್ನೇ ಗುರುತಾಗಿಸಿದ್ದರೆ, ಹೊಂಡ ಬತ್ತಿದುದಕ್ಕೂ ತಂತಿ ಕಡಿದುದಕ್ಕೂ ಭೇದ ತಿಳಿಯುತ್ತಿರಲಿಲ್ಲ. ಈಗಲಾದರೋ ಬತ್ತಿದ ಹೊಂಡ ತನ್ನ ಬರಿದುತನವನ್ನು 4 ಎಂದು ನುಡಿಯುತ್ತದೆ, ಕಡಿದ ತಂತಿ ಏನನ್ನೂ ನುಡಿಯದು. ಹಾಗೆ ಸುದ್ದಿ ನಿಂತಾಗ ಮೋಟಾರೂ ನಿಲ್ಲಬೇಕೆ, ಕಡೆಯಲ್ಲಿ ತಿಳಿದ ವೇಗದಲ್ಲಿಯೇ ಸಾಗಬೇಕೆ ಎಂಬುದನ್ನೂ ಅನೇಕ ಡ್ರೈವುಗಳಲ್ಲಿ ಮುಂಚೆಯೇ ನಿಶ್ಚಯಿಸಿಡಬಹುದು.

ಕುಮಾರಿಲಭಟ್ಟನ ಪಂಥದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸಿದಾಗ ಇದೇ ಎಚ್ಚರವನ್ನು ವಹಿಸಿದ್ದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು, ನಿಜ. ಆದರೆ ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು, ಇದ್ದಿದ್ದರೆ ಕಂಡೇ ತೀರಬೇಕಾದ ವಸ್ತು ಅದಾಗಿರಬೇಕು. ಕತ್ತಲೆಯಲ್ಲಿ ಕಾಣದ ಗಡಿಗೆಯಿಂದ ಏನೂ ಸಿದ್ಧವಾಗದು. ದೇವರು ಕಾಣನಾದುದರಿಂದ ದೇವರಿಲ್ಲವೆನ್ನುವವನನ್ನು, ಇದ್ದರೆ ಕಾಣುವ ಬಗೆ ಯಾವುದು, ನಿನ್ನ ಕರಣಕ್ಕೆ ಆ ಯೋಗ್ಯತೆಯುಂಟೆ ಎಂದು ಕೇಳುವುದು ನ್ಯಾಯವೇ ಸರಿ. ಆದರೆ ಸುದ್ದಿ ಬಾರದ ದಿನಗಳಲ್ಲಿ ಹಿಂದೆ ತಿಳಿದುದನ್ನೇ ನೆಚ್ಚಿ ನಡೆಯುವುದನ್ನು ಶ್ರದ್ಧೆಯೆನ್ನುವ ನಾವು ಆಸ್ತಿಕರೂ, ತಂತಿ ಇನ್ನೂ ಕೂಡಿದೆಯೇ ಎಂದು ನಮ್ಮ ಅಂತಃಕರಣವನ್ನು ಪರೀಕ್ಷಿಸಿಕೊಳ್ಳಬೇಕು. ಎರಡರಲ್ಲಿ ಈ ಪರೀಕ್ಷೆಯೇ ಕಠಿನವೆಂದು ನಾನು ನಂಬುತ್ತೇನೆ.

ಮಹಮ್ಮದ ಆದಿಲಶಾಹನ ಗೋರಿಯ ಮೇಲೆ ಗೋಳಗುಮ್ಮಟವೆದ್ದು ನಿಂತ ವಿಜಯಪುರದಲ್ಲಿಯೇ, ಜ್ಞಾನಯೋಗಾಶ್ರಮದಲ್ಲಿ 2023ರ ಜನವರಿಯಲ್ಲಿ ದೇಹಬಿಟ್ಟ, ಬಿಜ್ಜರಗಿಯಲ್ಲಿ ಜನಿಸಿದ ಸಿದ್ಧೇಶ್ವರ ಸ್ವಾಮಿಗಳು, ತಮ್ಮ ದೇಹವನ್ನು ಅಗ್ನಿಗರ್ಪಿಸಬೇಕೆಂದೂ ಸ್ಮಾರಕವನ್ನು ಕಟ್ಟಕೂಡದೆಂದೂ ಮುಂಚೆಯೇ ಬರೆದಿಟ್ಟಿದ್ದರು. ಆದುದರಿಂದ ಆಶ್ರಮಕ್ಕೆ ಬಂದವರು ಅವರ ಗದ್ದುಗೆ ಎಲ್ಲಿದೆಯೋ ಎಂದು ಹುಡುಕಬೇಕಾಗಿಲ್ಲ. ಬತ್ತಿದ ಹೊಂಡದ 4ರಂತೆ, ಇಲ್ಲವೆಂಬುದನ್ನು ಅವರ ಬರಹವೇ ಹೇಳಿದೆ.