ರಾಷ್ಟ್ರವು ಪಶ್ಚಾತ್ತಾಪಪಡಬಲ್ಲುದೇ?

ತಪ್ಪು ಮಾಡುವವನು ವ್ಯಕ್ತಿ. ಅದಕ್ಕಾಗಿ ಮರುಗಬೇಕಾದವನೂ ವ್ಯಕ್ತಿಯೇ. ರಾಷ್ಟ್ರಕ್ಕಾದರೋ ಒಂದು ಹೃದಯವಿಲ್ಲ, ಒಂದು ನಾಲಗೆಯಿಲ್ಲ, ಊರುವುದಕ್ಕೆ ಒಂದು ಮೊಳಕಾಲೂ ಇಲ್ಲ. ಹೀಗಿರುವಾಗ, ಒಂದು ಜನಾಂಗವೇ ದೇವರ ಮುಂದೆ ತಲೆಬಾಗಿದರೆ ಅದರ ನಾಡು ಗುಣಹೊಂದುವುದೆಂಬ ಮಾತಿಗೆ ಅರ್ಥವೇನು? ಕ್ರೈಸ್ತರು ಈ ನಂಬಿಕೆಯನ್ನು ಹಳೆಯ ಒಡಂಬಡಿಕೆಯಿಂದ ಪಡೆದಿರುವರು. ಸೊಲೊಮೋನನು ಯೆರೂಸಲೇಮಿನ ದೇವಾಲಯವನ್ನು ಪ್ರತಿಷ್ಠಿಸಿದ ಬಳಿಕ ಅವನಿಗೆ ದೊರೆತ ವಾಗ್ದಾನದಲ್ಲಿ ಒಂದು ಕ್ರಮವುಂಟು. ಜನರು ಮೊದಲು ತಮ್ಮನ್ನು ತಗ್ಗಿಸಿಕೊಳ್ಳಬೇಕು, ಬಳಿಕ ಪ್ರಾರ್ಥಿಸಬೇಕು, ಕೆಟ್ಟ ನಡತೆಯನ್ನು ಬಿಟ್ಟು ತಿರುಗಬೇಕು. ನಾಡಿನ ಗುಣವು ಎಲ್ಲಕ್ಕೂ ಕಡೆಯದು. ಈ ಕಡೆಯದನ್ನೇ ಮೊದಲು ಬೇಡುವುದು ಮನುಷ್ಯ ಸ್ವಭಾವ.

ಪದಗಳನ್ನು ಬಿಡಿಸಿ ನೋಡುವುದು ಅಧ್ಯಾಪಕರಿಗೆ ಅಂಟಿದ ಚಾಳಿ; ವಾಚಕರು ಸೈರಿಸಬೇಕು. ನಮ್ಮ ‘ಪಶ್ಚಾತ್ತಾಪ’ವು ಆಮೇಲೆ ಹುಟ್ಟುವ ತಾಪ, ಎಂದರೆ ಉರಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಮೆಟನೋಯ’ ಎಂಬುದು ಮನಸ್ಸಿನ ಮಾರ್ಪಾಟು. ಕನ್ನಡ ಕ್ರೈಸ್ತರು ಇದನ್ನೇ ಅಂದವಾಗಿ ‘ಮಾನಸಾಂತರ’ವೆನ್ನುವರು. ಹೀಬ್ರೂ ಪ್ರವಾದಿಗಳು ಬಳಸಿದ ಪದಕ್ಕಂತೂ ‘ತಿರುಗುವುದು’ ಎಂದಷ್ಟೇ ಅರ್ಥ. ದಾರಿ ತಪ್ಪಿದವನು ಬಂದ ಹಾದಿಯಲ್ಲಿ ಹಿಂದಿರುಗಿದಂತೆ. ಉರಿಯು ತಾನಾಗಿ ಆರಿಹೋಗಬಹುದು. ತಿರುಗುವುದಕ್ಕೆ ಮಾತ್ರ ಕಾಲುಗಳು ನಡೆಯಲೇಬೇಕು. ಸುಂಕದ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ ಕಣ್ಣೀರು ಸುರಿಸಿದನೆಂದು ಲೂಕನು ಹೇಳುವುದಿಲ್ಲ. ಅನ್ಯಾಯವಾಗಿ ಪಡೆದುದನ್ನು ನಾಲ್ಕರಷ್ಟಾಗಿ ಹಿಂದಕ್ಕೆ ಕೊಡುವೆನೆಂದನೆಂದು ಹೇಳುವನು.

ರಾಷ್ಟ್ರದ ಪಶ್ಚಾತ್ತಾಪಕ್ಕೆ ವಿರೋಧವಾದ ಬಲವಾದ ವಾದವನ್ನು ಹೂಡಿದವನು ನಾಸ್ತಿಕನಲ್ಲ, ಕ್ರೈಸ್ತ ಲೇಖಕನಾದ ಸಿ. ಎಸ್. ಲೂಯಿಸ್. ೧೯೪೦ರಲ್ಲಿ, ಯುದ್ಧವು ನಡೆಯುತ್ತಿದ್ದಾಗಲೇ, ಇಂಗ್ಲೆಂಡಿನ ತರುಣ ಕ್ರೈಸ್ತರು ತಮ್ಮ ದೇಶದ ಪಾಪಗಳಿಗಾಗಿ ಪಶ್ಚಾತ್ತಾಪಪಡಲು ಉತ್ಸುಕರಾಗಿದ್ದರು. ಆ ಪಾಪಗಳು ನಡೆದಾಗ ಅವರು ಮತಕೊಡುವ ವಯಸ್ಸಿನವರೂ ಆಗಿರಲಿಲ್ಲ. ಆದುದರಿಂದ ಅವರು ‘ನಾವು ಪಾಪ ಮಾಡಿದೆವು’ ಎಂದಾಗ ಅದರ ನಿಜವಾದ ಅರ್ಥವು ‘ನಮ್ಮ ಹಿರಿಯರೂ ಸರಕಾರದವರೂ ಪಾಪ ಮಾಡಿದರು’ ಎಂದಾಗುವುದೆಂದು ಲೂಯಿಸ್ ತೋರಿಸಿದನು. ತಗ್ಗುವಿಕೆಯ ವೇಷದಲ್ಲಿ ದೂಷಣೆಯೇ ನಡೆಯುವುದು. ವಿನಯದ ಪುಣ್ಯವೂ ನಿಂದೆಯ ರುಚಿಯೂ ಒಟ್ಟಿಗೆ ದೊರೆಯುವುವು. ಆ ತರುಣರು ತಮ್ಮದೇ ವಯಸ್ಸಿನ, ತಮ್ಮದೇ ವರ್ಗದ ಪಾಪಗಳಿಗೆ ಮರುಗಲಿ ಎಂದು ಆತನು ಸೂಚಿಸಿದನು. ಓದಿಲ್ಲದವರನ್ನು ಕೀಳಾಗಿ ಕಾಣುವುದು ಅವುಗಳಲ್ಲಿ ಒಂದೆಂದು ಆತನು ಎಣಿಸಿದ್ದು ಪಾಠಶಾಲೆಯ ನಮ್ಮಂಥವರಿಗೂ ತಾಗುವ ಮಾತು.

ದೇವಾಲಯಕ್ಕೆ ಹೋದ ಫರಿಸಾಯನು, ತಾನು ಇತರರಂತಿಲ್ಲವೆಂದು ದೇವರಿಗೆ ಕೃತಜ್ಞತೆ ಸಲ್ಲಿಸಿದ ಸಾಮ್ಯವು ಎಲ್ಲರಿಗೂ ಗೊತ್ತು. ಸಾಮೂಹಿಕ ಪ್ರಾರ್ಥನೆಯು ಆ ಪ್ರಾರ್ಥನೆಯಾಗಿ ಬಿಡಲು ಹೆಚ್ಚು ಹೊತ್ತು ಬೇಡ. ತರಗತಿಯಲ್ಲಿ ನಕಾಶೆ ಹರಿದಾಗ ಮೂವತ್ತು ಬೆರಳುಗಳು ಒಬ್ಬನತ್ತ ಚಾಚುವುವು. ಹರಿಯುತ್ತಿದ್ದುದನ್ನು ಕಂಡೂ ಸುಮ್ಮನಿದ್ದವರ ಕಡೆಗೆ ಒಂದು ಬೆರಳೂ ಚಾಚದು. ಈ ಸುಮ್ಮನಿದ್ದವರ ಪಾಲು ಎಷ್ಟು ಎಂಬುದೇ, ನನ್ನ ಎಣಿಕೆಯಲ್ಲಿ, ರಾಷ್ಟ್ರದ ಪಶ್ಚಾತ್ತಾಪದ ಪ್ರಶ್ನೆಯ ತಿರುಳು.

ಇದನ್ನು ತನ್ನ ಮೇಲೆಯೇ ಹಾಕಿಕೊಂಡು ವಿಚಾರಿಸಿದವನು ಜರ್ಮನಿಯ ಪಾದ್ರಿ ಮಾರ್ಟಿನ್ ನೀಮೊಲ್ಲರ್. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನೌಕೆಯ ಅಧಿಕಾರಿಯಾಗಿದ್ದ ಆತನು ೧೯೩೩ರಲ್ಲಿ ಹಿಟ್ಲರನ ಉದಯವನ್ನು ಸ್ವಾಗತಿಸಿದವರಲ್ಲಿ ಒಬ್ಬನು. ಬಳಿಕ ಸಭೆಯ ಸ್ವಾತಂತ್ರ್ಯಕ್ಕಾಗಿ ಎದುರುನಿಂತು, ೧೯೩೭ರ ಜುಲೈ ೧ರಂದು ಬಂಧಿತನಾಗಿ, ೧೯೪೫ರವರೆಗೆ ಸೆರೆಯಲ್ಲಿದ್ದನು. ಅದರಲ್ಲಿ ಬಹುಕಾಲ ಜಾಕ್ಸನ್‌ಹೌಸನ್, ಡಾಖಾವ್ ಶಿಬಿರಗಳಲ್ಲಿ ಕಳೆಯಿತು. ನಿರಪರಾಧಿಯೆನಿಸಿಕೊಳ್ಳಲು ಇಷ್ಟು ಸಾಕಲ್ಲವೆ? ಯುದ್ಧವು ಮುಗಿದ ಮೇಲೆ ಆತನು ಪತ್ನಿಯೊಡನೆ ಡಾಖಾವಿಗೆ ಹೋದನು. ೧೯೩೩ರಿಂದ ೧೯೪೫ರವರೆಗೆ ಅಲ್ಲಿ ಎಷ್ಟು ಮಂದಿಯನ್ನು ಸುಡಲಾಯಿತೆಂದು ಹೇಳುವ ಫಲಕವೊಂದು ಕಣ್ಣಿಗೆ ಬಿದ್ದಿತು. ಸಂಖ್ಯೆಗಿಂತಲೂ ವರ್ಷಗಳು ತನ್ನನ್ನು ಹಿಡಿದುವೆಂದು ಆತನು ಮುಂದೆ ಅನೇಕ ಭಾಷಣಗಳಲ್ಲಿ ಹೇಳಿದನು. ೧೯೩೭ರ ಬಳಿಕ ಎಲ್ಲಿದ್ದೆಯೆಂದರೆ ಉತ್ತರವುಂಟು, ಸೆರೆಯಲ್ಲಿದ್ದೆ. ೧೯೩೩ರಿಂದ ೧೯೩೭ರವರೆಗೆ ಎಲ್ಲಿದ್ದೆಯೆಂದು ದೇವರು ಕೇಳಿದರೆ?

ಈ ನಾಲ್ಕು ವರ್ಷಗಳ ಲೆಕ್ಕವೇ ಲೂಯಿಸನ ಆಕ್ಷೇಪಕ್ಕೆ ಉತ್ತರವೆಂದು ನನಗೆ ತೋರುವುದು. ಇಲ್ಲಿ ‘ನಾವು’ ಎಂಬ ಪದದ ಒಳಗೆ ‘ನಾನು’ ಇರುವನು; ಅವನ ತಾರೀಖುಗಳೂ ಇರುವುವು.

೧೯೪೫ರ ಅಕ್ಟೋಬರ್ ೧೯ರಂದು ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಯ ನಾಯಕರು ಸ್ಟುಟ್‌ಗಾರ್ಟ್ ನಗರದಲ್ಲಿ ವಿದೇಶದ ಕ್ರೈಸ್ತ ಪ್ರತಿನಿಧಿಗಳ ಮುಂದೆ ಒಂದು ಅಪರಾಧ ನಿವೇದನೆಯನ್ನು ಒಪ್ಪಿಸಿದರು. ತಮ್ಮ ಮೂಲಕ ಅನೇಕ ದೇಶಗಳಿಗೆ ಅಪಾರ ದುಃಖವು ಒದಗಿತೆಂಬ ಮಾತು ಅದರಲ್ಲಿ ಸೇರಬೇಕೆಂದು ಹಟಹಿಡಿದವನು ನೀಮೊಲ್ಲರನೇ. ಧೈರ್ಯದಲ್ಲಿಯೂ ಪ್ರಾರ್ಥನೆಯಲ್ಲಿಯೂ ವಿಶ್ವಾಸದಲ್ಲಿಯೂ ಪ್ರೀತಿಯಲ್ಲಿಯೂ ತಾವು ಸಾಲದೆ ಹೋದೆವೆಂದು ಅವರು ತಮ್ಮನ್ನೇ ದೂಷಿಸಿಕೊಂಡರು. ಸುದ್ದಿಯು ಹೊರಬಿದ್ದೊಡನೆ ನಾಡಿನಲ್ಲಿ ಕೋಲಾಹಲವೆದ್ದಿತು. ಡ್ರೆಸ್‌ಡೆನ್ ನಗರವನ್ನು ಬಾಂಬುಗಳಿಂದ ಸುಟ್ಟವರಾರು? ಪೂರ್ವದ ಪ್ರಾಂತಗಳಿಂದ ಜರ್ಮನರನ್ನು ಓಡಿಸಿದವರಾರು? ಅವರು ಮೊದಲು ತಪ್ಪೊಪ್ಪಿಕೊಳ್ಳಲಿ! ಈ ಪ್ರಶ್ನೆಗಳು ಸುಳ್ಳಾಗಿರಲಿಲ್ಲ. ಆದರೆ ನೆರೆಯವನ ಸಾಲವನ್ನು ತೋರಿಸಿ ತನ್ನ ಸಾಲವನ್ನು ತೀರಿಸಿದವರುಂಟೆ?

ಆ ನಿವೇದನೆಯಲ್ಲಿ ಘೋರವಾದ ಕೊರತೆಯೊಂದಿತ್ತು: ಯೆಹೂದ್ಯರ ಹೆಸರೇ ಅದರಲ್ಲಿ ಬರಲಿಲ್ಲ. ಸುಮಾರು ಅರುವತ್ತು ಲಕ್ಷ ಯೆಹೂದ್ಯರ ಕೊಲೆಯ ಬಳಿಕವೂ ಭಕ್ತರ ನಾಲಗೆಯು ಆ ಹೆಸರಿಗೆ ಬಂದಾಗ ತಡವರಿಸಿತು. ೧೯೫೦ರ ಏಪ್ರಿಲಿನಲ್ಲಿ ಬರ್ಲಿನ್ನಿನ ವೈಸನ್‌ಜೀ ಎಂಬಲ್ಲಿ ಸೇರಿದ ಸಿನಾಡು, ಯೆಹೂದ್ಯರ ಮೇಲೆ ನಡೆದ ಅಪರಾಧದಲ್ಲಿ ತಮ್ಮ ಮೌನಕ್ಕೂ ನಿಷ್ಕ್ರಿಯತೆಗೂ ಪಾಲುಂಟೆಂದು ಕೊನೆಗೆ ಒಪ್ಪಿಕೊಂಡಿತು. ಮಾನಸಾಂತರವು ಒಂದೇ ಸಂಜೆಯ ಪ್ರಾರ್ಥನಾಕೂಟದಲ್ಲಿ ಮುಗಿಯುವುದೆಂದು ತಿಳಿದವರು ಈ ಐದು ವರ್ಷಗಳನ್ನು ಗಮನಿಸಬೇಕು.

೧೯೫೨ರ ಸೆಪ್ಟೆಂಬರ್ ೧೦ರ ಲಕ್ಸೆಂಬರ್ಗ್ ಒಪ್ಪಂದದಂತೆ ಪಶ್ಚಿಮ ಜರ್ಮನಿಯು ಇಸ್ರೇಲಿಗೆ ೩೦೦ ಕೋಟಿ ಮಾರ್ಕುಗಳ ಮೌಲ್ಯದ ಪರಿಹಾರವನ್ನು ಕೊಡಲು ಒಪ್ಪಿತು. ಜಕ್ಕಾಯನ ದಾರಿಯೇ ಇದು ಎನ್ನೋಣವೆಂದರೆ, ಅದೇ ವರ್ಷದ ಜನವರಿಯಲ್ಲಿ ಯೆರೂಸಲೇಮಿನ ಬೀದಿಗಳಲ್ಲಿ ಸಾವಿರಾರು ಜನರು ಆ ಹಣವನ್ನು ಮುಟ್ಟಕೂಡದೆಂದು ಪ್ರತಿಭಟಿಸಿದ್ದರು. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರವು ಬದುಕಿದವರಿಗೆ ಉಂಟೆ? ಇದು ಯೆಹೂದ್ಯರು ಕ್ರೈಸ್ತರಿಗೆ ಒಡ್ಡಿದ ಪ್ರಶ್ನೆ. ಇದಕ್ಕೆ ಸುಲಭವಾದ ಉತ್ತರವಿಲ್ಲ. ಕ್ಷಮೆಯು ದೊರೆಯುವುದೆಂಬ ಭರವಸೆಯಿಂದ ಮಾತ್ರ ತಪ್ಪೊಪ್ಪಿಕೊಳ್ಳುವವನು ವ್ಯಾಪಾರಿ. ದೊರೆಯದಿದ್ದರೂ ಒಪ್ಪಿಕೊಳ್ಳುವವನಲ್ಲಿಯೇ ನಮ್ರತೆಯನ್ನು ಹುಡುಕಬೇಕು.

ಈ ಮಾರ್ಗವು ಕ್ರೈಸ್ತರದು ಮಾತ್ರವೆ? ಅಸ್ಪೃಶ್ಯತೆಯನ್ನು ಹಿಂದೂ ಸಮಾಜದ ಪಾಪವೆಂದು ಕರೆದ ಗಾಂಧೀಜಿಯವರು ೧೯೩೩ರ ಮೇ ೮ರಂದು ಇಪ್ಪತ್ತೊಂದು ದಿನಗಳ ಉಪವಾಸವನ್ನು ತೊಡಗಿದಾಗ, ಅದು ತಮ್ಮ ಮತ್ತು ತಮ್ಮ ಜೊತೆಗಾರರ ಶುದ್ಧಿಗಾಗಿ ಎಂದರು. ಎದುರಾಳಿಗಳ ಶುದ್ಧಿಗಾಗಿ ಎನ್ನಲಿಲ್ಲ. ಹೆಸರು ಬೇರೆ, ದಿಕ್ಕು ಒಂದೇ. ಹಾಗೆಯೇ ೧೯೭೦ರ ಡಿಸೆಂಬರ್ ೭ರಂದು ವಾರ್ಸಾದ ಯೆಹೂದ್ಯ ಸ್ಮಾರಕದ ಮುಂದೆ ಮೊಳಕಾಲೂರಿದ ವಿಲ್ಲಿ ಬ್ರಾಂಟ್, ೧೯೩೩ರಲ್ಲಿಯೇ ನಾಜಿಗಳಿಂದ ತಪ್ಪಿಸಿಕೊಂಡು ದೇಶಾಂತರ ಹೋಗಿದ್ದವನು. ಊರಬೇಕಾಗಿರದ ಮೊಳಕಾಲುಗಳನ್ನು ಆತನು ಊರಿದನು.

ಇವರೆಲ್ಲರಿಗಿಂತ ಕಡಮೆ ಪರಿಚಿತನು ಲೋಥರ್ ಕ್ರೈಸಿಗ್. ಈತನು ಬ್ರಾಂಡೆನ್‌ಬುರ್ಗಿನಲ್ಲಿ ನ್ಯಾಯಾಧೀಶನಾಗಿದ್ದನು. ಬುದ್ಧಿವಿಕಲರಾದ ರೋಗಿಗಳು ಗುಟ್ಟಾಗಿ ಕೊಲ್ಲಲ್ಪಡುತ್ತಿರುವರೆಂದು ೧೯೪೦ರಲ್ಲಿ ಅರಿತು ನ್ಯಾಯಮಂತ್ರಿಗೇ ಪ್ರತಿಭಟನೆಯನ್ನು ಬರೆದನು. ತನ್ನ ರಕ್ಷಣೆಯಲ್ಲಿದ್ದವರನ್ನು ಸಾಗಿಸಕೂಡದೆಂದು ಆಸ್ಪತ್ರೆಗಳಿಗೆ ಆಜ್ಞಾಪಿಸಿದನು. ಫಲವಾಗಿ ಹುದ್ದೆಯು ಹೋಯಿತು. ‘ನಾನು ಮಾಡಲಿಲ್ಲ’ ಎನ್ನಲು ಹಕ್ಕಿದ್ದ ಕೆಲವೇ ಜನರಲ್ಲಿ ಒಬ್ಬನಾದ ಆತನೇ, ೧೯೫೮ರಲ್ಲಿ ಬರ್ಲಿನ್ನಿನ ಸಿನಾಡಿನಲ್ಲಿ ‘ಪ್ರಾಯಶ್ಚಿತ್ತದ ಕುರುಹು’ ಎಂಬ ಕಾರ್ಯಕ್ಕೆ ಕರೆಕೊಟ್ಟನು. ಆ ಕರೆಯ ಭಾಷೆಯನ್ನು ಗಮನಿಸಬೇಕು. ಸಹಾಯಮಾಡಲು ಬರುವೆವೆಂದು ಅದು ಹೇಳಲಿಲ್ಲ. ನಮ್ಮಿಂದ ಹಿಂಸೆಗೊಳಗಾದ ಜನರೇ, ನಿಮ್ಮ ನಾಡಿನಲ್ಲಿ ನಮ್ಮ ಕೈಗಳಿಂದ ಏನಾದರೂ ಒಳಿತನ್ನು ಮಾಡಲು ಅಪ್ಪಣೆ ಕೊಡಿರಿ ಎಂಬುದು ಅದರ ಭಾವ. ಉಪಕಾರಕ್ಕೂ ಅಪ್ಪಣೆ ಕೇಳುವ ನಮ್ರತೆ! ಅದರಂತೆ ಜರ್ಮನ್ ತರುಣತರುಣಿಯರು ನಾರ್ವೆ, ನೆದರ್ಲೆಂಡ್ಸ್ ಮೊದಲಾದ ದೇಶಗಳಿಗೆ ಹೋಗಿ ಕಲ್ಲುಮಣ್ಣು ಹೊತ್ತರು.

ಅವರಲ್ಲಿ ಒಂದು ತಂಡವು ೧೯೬೧ರಲ್ಲಿ ಇಂಗ್ಲೆಂಡಿನ ಕವೆಂಟ್ರಿಗೆ ಬಂದಿತು. ೧೯೪೦ರ ನವೆಂಬರ್ ೧೪ರ ರಾತ್ರಿ ಜರ್ಮನ್ ವಿಮಾನಗಳು ಅಲ್ಲಿಯ ಕೆಥೆಡ್ರಲನ್ನು ಸುಟ್ಟಿದ್ದುವು. ಮುರಿದ ಗೋಡೆಗಳ ನಡುವಿನ ವೇದಿಯ ಹಿಂದೆ, ಅಲ್ಲಿಯ ಮುಖ್ಯ ಪಾದ್ರಿ ರಿಚರ್ಡ್ ಹೊವರ್ಡನು ಕ್ಷಮೆಯನ್ನು ಯಾಚಿಸುವ ಎರಡೇ ಶಬ್ದಗಳನ್ನು ಕೆತ್ತಿಸಿದ್ದನು. ಶಿಲುಬೆಯ ಮೇಲಿನ ಪ್ರಾರ್ಥನೆಯಲ್ಲಿದ್ದ ‘ಅವರನ್ನು’ ಎಂಬ ಪದವನ್ನು ಬೇಕೆಂದೇ ಬಿಡಿಸಿದ್ದನು. ಕ್ಷಮೆಯ ಅಗತ್ಯವು ಅವರಿಗೆ ಮಾತ್ರವಲ್ಲವೆಂಬ ಕಾರಣದಿಂದ. ಜರ್ಮನ್ ತರುಣರು ಅದೇ ಪಾಳುಗೋಡೆಗಳೊಳಗೆ ಸುಟ್ಟ ಕೋಣೆಗಳನ್ನು ದುರಸ್ತಿಮಾಡಿ ಸಮಾಧಾನದ ಕೇಂದ್ರವೊಂದನ್ನು ಕಟ್ಟಿದರು. ನಾಲ್ಕು ವರ್ಷಗಳ ಬಳಿಕ, ೧೯೬೫ರಲ್ಲಿ, ಕವೆಂಟ್ರಿಯಿಂದ ಬ್ರಿಟಿಷ್ ತರುಣರ ತಂಡವೊಂದು ಡ್ರೆಸ್‌ಡೆನ್ನಿಗೆ ಹೋಗಿ, ತಮ್ಮ ದೇಶದ ಬಾಂಬುಗಳಿಂದ ಹಾಳಾದ ಕ್ರೈಸ್ತ ಸೇವಿಕೆಯರ ಆಸ್ಪತ್ರೆಯನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಕೈಜೋಡಿಸಿತು. ‘ಅವರು ಮೊದಲು’ ಎಂದು ೧೯೪೫ರಲ್ಲಿ ಕೂಗಿದವರ ನಗರವದು. ಅವರು ಮೊದಲು ಬರಲಿಲ್ಲ, ಎರಡನೆಯವರಾಗಿ ಬಂದರು.